ಮೆಕ್ಕೆಜೋಳದ ತೂಕ ನೋಡುತ್ತೀರಿ, ಕಾಳಿನೊಳಗೆ ಏನಿದೆ ಅಂತಲೂ ನೋಡಿ: ಕೊಪ್ಪಳ ಜಿಲ್ಲಾಡಳಿತಕ್ಕೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕೊಪ್ಪಳ
ಮಾನ್ಯ ಜಂಟಿ ಕೃಷಿ ನಿರ್ದೇಶಕರು, ಕೊಪ್ಪಳ
ಮಾನ್ಯ ಕುಲಪತಿಗಳು, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ರಾಯಚೂರು

ಮಾನ್ಯರೇ,

ಮುಂಗಾರು ಹತ್ತಿರ ಬಂತೆಂದರೆ ನೀವು ಸಭೆ ನಡೆಸುತ್ತೀರಿ. ಎಷ್ಟು ಹೆಕ್ಟೇರ್ ಬಿತ್ತನೆ ಗುರಿ, ಎಷ್ಟು ಬೀಜ ದಾಸ್ತಾನಿದೆ, ಎಷ್ಟು ಟನ್ ಯೂರಿಯಾ ಬಂತು, ಡಿಎಪಿ ಎಷ್ಟು ಕಡಿಮೆ ಬಿತ್ತು ಎಂಬ ಲೆಕ್ಕ ಮರುದಿನ ಪೇಪರಿನಲ್ಲಿ ಬರುತ್ತದೆ. ಸುಗ್ಗಿ ಬಂದಾಗ ಇಳುವರಿ ಎಷ್ಟು, ದರ ಎಷ್ಟು ಎಂಬ ಲೆಕ್ಕ. ಇವೆಲ್ಲ ಬೇಕಾದವೇ, ಬೇಡ ಅನ್ನುವುದಿಲ್ಲ. ಆದರೆ ನಾವು ಬೆಳೆದ ಕಾಳಿನೊಳಗೆ ಏನಿದೆ ಎಂಬ ಒಂದು ಸಾಲು ಆ ಲೆಕ್ಕದಲ್ಲಿ ನಾನು ಎಂದೂ ಓದಿಲ್ಲ. ಪ್ರೋಟೀನು ಎಷ್ಟಿದೆ? ಜಿಂಕ್ ಎಷ್ಟಿದೆ? ಬೂಷ್ಟಿನ ವಿಷ ಸೇರಿದೆಯಾ? ಯಾರೂ ಕೇಳುವುದಿಲ್ಲ. ಯಾರೂ ಕೇಳದ್ದಕ್ಕೆ ರೈತನೂ ಅದರ ಬಗ್ಗೆ ಯೋಚಿಸುವುದಿಲ್ಲ.

ನಾನು ಯಲಬುರ್ಗಾ ತಾಲ್ಲೂಕಿನವಳು. ನಮಗೆ ಸ್ವಲ್ಪ ಎರೆ (ಕಪ್ಪು ಮಣ್ಣಿನ) ಹೊಲ, ಸ್ವಲ್ಪ ಮಸಾರಿ (ಕೆಂಪು ಮಣ್ಣಿನ) ಹೊಲ ಇದೆ. ಕಳೆ ತೆಗೆಯುವುದು, ತೆನೆ ಮುರಿಯುವುದು, ಕಾಳು ಒಣಗಿಸಿ ಚೀಲ ತುಂಬುವುದು ನಮ್ಮ ಕಡೆ ಬಹುಪಾಲು ಹೆಣ್ಣುಮಕ್ಕಳ ಕೆಲಸ. ಹಾಗಾಗಿ ಕಾಳು ಕೆಡುವುದು ಎಲ್ಲಿ, ಉಳಿಯುವುದು ಎಲ್ಲಿ ಎಂದು ನಮಗೆ ಗೊತ್ತು. ಅದನ್ನು ಹೇಳಲು ಈ ಪತ್ರ.

ಮೊದಲೇ ಒಂದು ಮಾತು ಬರುತ್ತದೆ. "ನಿಮ್ಮ ಕಡೆ ಮೆಕ್ಕೆಜೋಳ ಯಾರು ತಿನ್ನುತ್ತಾರಮ್ಮಾ? ನೀವು ತಿನ್ನುವುದು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ. ಮೆಕ್ಕೆಜೋಳ ಹೋಗುವುದು ಕೋಳಿ ಮೇವಿಗೆ, ಈಗೀಗ ಎಥನಾಲ್ ಕಾರ್ಖಾನೆಗೆ." ನಿಜ. ಹಸಿ ತೆನೆ ಸುಟ್ಟು ತಿನ್ನುವುದು, ಕುದಿಸಿ ತಿನ್ನುವುದು ಬಿಟ್ಟರೆ ನೇರವಾಗಿ ತಟ್ಟೆಗೆ ಬರುವುದು ಕಡಿಮೆ. ಆದರೆ ಮೊಟ್ಟೆ ಕೋಳಿಯ ಮೇವಿನಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಎಷ್ಟೋ ಕಡೆ ಅದಕ್ಕೂ ಜಾಸ್ತಿ, ಮೆಕ್ಕೆಜೋಳವೇ ಇರುತ್ತದೆ. 2021ರ ಡಿಸೆಂಬರಿನಲ್ಲಿ ಸರ್ಕಾರ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿತು. ಯಾಕೆ? ಕೊಪ್ಪಳ, ರಾಯಚೂರು, ಯಾದಗಿರಿ ಕಡೆ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಜಾಸ್ತಿ ಎಂದು. ಹಸು, ಎಮ್ಮೆಗಳ ಹಿಂಡಿಯಲ್ಲೂ ಮೆಕ್ಕೆಜೋಳ ಇದೆ. ಅಂಗಡಿಯ ಕಾರ್ನ್‌ಫ್ಲೋರ್ ಅದರದೇ. ಕಾಳು ಸುತ್ತುಬಳಸಿ ಬಂದರೂ ನಮ್ಮ ಮಕ್ಕಳ ಹೊಟ್ಟೆಗೇ ಬರುತ್ತದೆ ಅಲ್ವಾ?

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಲೈಸಿನ್, ಟ್ರಿಪ್ಟೊಫಾನ್ ಎಂಬ ಎರಡು ಅಂಶಗಳು ಕಡಿಮೆ. ಇವು ದೇಹ ತಾನೇ ತಯಾರಿಸಿಕೊಳ್ಳಲಾರದ ಅಂಶಗಳು, ಊಟದಿಂದಲೇ ಬರಬೇಕು. ಬೆಳೆಯುವ ಮಗುವಿಗೆ ಬಹಳ ಬೇಕು. ಮೇವಿನ ಕಾರ್ಖಾನೆಯವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮೆಕ್ಕೆಜೋಳದ ಜೊತೆ ಸೋಯಾ ಹಿಂಡಿ ಹಾಕುತ್ತಾರೆ, ಸಾಲದ್ದಕ್ಕೆ ಲೈಸಿನ್ ಪುಡಿಯನ್ನೇ ಕೊಂಡು ಬೆರೆಸುತ್ತಾರೆ. ಕೋಳಿಗೆ ಏನು ಕಡಿಮೆ ಬಿದ್ದಿದೆ ಎಂದು ಲೆಕ್ಕ ಹಾಕಿ ತುಂಬುವವರಿದ್ದಾರೆ. ಅದೇ ಕಾಳು ಹಿಟ್ಟಾಗಿ ಮನುಷ್ಯರ ಊಟಕ್ಕೆ ಬಂದಾಗ ಆ ಲೆಕ್ಕ ಹಾಕುವವರು ಯಾರು?

ಈಗ ಹೊಲಕ್ಕೆ ಬರೋಣ.

ಸಾಮಾನ್ಯ ಮೆಕ್ಕೆಜೋಳದ ಕಾಳಿನಲ್ಲಿ ನೂರಕ್ಕೆ 70ರಷ್ಟು ಪಿಷ್ಟ, 8ರಿಂದ 11ರಷ್ಟು ಪ್ರೋಟೀನು, 4-5ರಷ್ಟು ಎಣ್ಣೆ ಇರುತ್ತದೆ. ಈ ಅಂಕಿ ತಳಿಯೊಂದರಿಂದಲೇ ನಿರ್ಧಾರ ಆಗುವುದಿಲ್ಲ. ಒಂದೇ ಕಂಪನಿಯ ಒಂದೇ ಬೀಜ ನಮ್ಮ ಎರೆಯಲ್ಲಿ ಒಂದು ಥರ ಕಾಳು ಕೊಡುತ್ತದೆ, ಗೊಬ್ಬರ ಕಾಣದ ಮಸಾರಿಯಲ್ಲಿ ಬೇರೆ ಥರ ಕೊಡುತ್ತದೆ. ಇದರಲ್ಲಿ ಎಲ್ಲಕ್ಕಿಂತ ದೊಡ್ಡ ಕೈ ಸಾರಜನಕದ್ದು, ಅಂದರೆ ನಾವು ಯೂರಿಯಾದಲ್ಲಿ ಹಾಕುವುದು. ಹಸಿದ ನೆಲದಲ್ಲಿ ಬೆಳೆದ ಕಾಳಿನಲ್ಲಿ ಪ್ರೋಟೀನು ಕಡಿಮೆ. ಬೆಳೆಗೆ ಬೇಕಾದಷ್ಟು ಸಾರಜನಕ ಕೊಟ್ಟರೆ ಇಳುವರಿಯೂ ಏರುತ್ತದೆ, ಪ್ರೋಟೀನೂ ಏರುತ್ತದೆ. ಇಲ್ಲಿಯವರೆಗೆ ಯೂರಿಯಾ ಒಳ್ಳೆಯದೇ. ಯೂರಿಯಾವನ್ನೇ ಬೈಯುವವರ ಜೊತೆ ನಾನಿಲ್ಲ. ಬಡವರ ಹೊಲಕ್ಕೆ ಗೊಬ್ಬರ ಬೇಕು.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಯೂರಿಯಾ ಜಾಸ್ತಿ ಸುರಿದಾಗ ಹೆಚ್ಚುವ ಪ್ರೋಟೀನು ಬಹುಪಾಲು ಝೀನ್ ಎಂಬ ಜಾತಿಯದು. ಕಾಳಿನ ಹಿಟ್ಟಿನ ಭಾಗದಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. ಇದರಲ್ಲಿ ಲೈಸಿನ್ ಹೆಚ್ಚುಕಡಿಮೆ ಇಲ್ಲ, ಟ್ರಿಪ್ಟೊಫಾನ್ ಕೂಡ ಇಲ್ಲ. ಹಾಗಾಗಿ ಪರೀಕ್ಷೆಯ ಚೀಟಿಯಲ್ಲಿ ಪ್ರೋಟೀನು ಏರಿದಂತೆ ಕಾಣುತ್ತದೆ, ಅದರ ಗುಣ ಮಾತ್ರ ಇಳಿದಿರುತ್ತದೆ. ಇದು ಹೊಸ ಸುದ್ದಿ ಅಲ್ಲ, ನಿಮ್ಮ ವಿಜ್ಞಾನಿಗಳಿಗೆ ದಶಕಗಳಿಂದ ಗೊತ್ತಿರುವುದು. ನನ್ನ ದೂರು ಏನೆಂದರೆ, ಈ ಮಾತು ರೈತ ಸಂಪರ್ಕ ಕೇಂದ್ರದ ಬಾಗಿಲು ದಾಟಿ ಹೊಲಕ್ಕೆ ಬಂದಿಲ್ಲ.

ಯಾವಾಗ ಹಾಕುತ್ತೇವೆ ಎಂಬುದೂ ಮುಖ್ಯ. ನಮ್ಮ ಕಡೆ ಯೂರಿಯಾ ಸಿಗುವುದೇ ಕಷ್ಟ. ಸಿಕ್ಕ ದಿನ, ಮಳೆ ಬಿದ್ದ ದಿನ, ಇದ್ದಷ್ಟನ್ನೂ ಒಂದೇ ಸಲ ಚೆಲ್ಲಿ ಬರುತ್ತಾರೆ. 45 ಕೆಜಿ ಚೀಲಕ್ಕೆ 266 ರೂಪಾಯಿ 50 ಪೈಸೆ, ಇಷ್ಟು ಅಗ್ಗದ ಗೊಬ್ಬರವನ್ನು ಕೂಡಿಟ್ಟುಕೊಂಡು ಮೂರು ಸಲ ಹಂಚಿ ಹಾಕುವ ತಾಳ್ಮೆ ಯಾರಿಗಿರುತ್ತದೆ? ಬೆಳೆ ಚಿಕ್ಕದಿದ್ದಾಗ ಚೆಲ್ಲಿದ್ದರಲ್ಲಿ ಒಂದಿಷ್ಟು ಗಾಳಿಗೆ ಹೋಗುತ್ತದೆ, ಒಂದಿಷ್ಟು ನೀರಿನ ಜೊತೆ ಬೇರಿನ ಕೆಳಗೆ ಇಳಿಯುತ್ತದೆ. ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವ ಹೊತ್ತಿಗೆ, ತೆನೆ ಕಾಳು ಕಟ್ಟುವ ಹೊತ್ತಿಗೆ ಗಿಡ ಹಸಿದಿರುತ್ತದೆ. ಬಿತ್ತುವಾಗ ಒಂದು ಪಾಲು, ಮೊಣಕಾಲುದ್ದ ಬಂದಾಗ ಒಂದು ಪಾಲು, ಸೂಲಂಗಿ ಹೊತ್ತಿಗೆ ಒಂದು ಪಾಲು ಎಂದು ನೀವೇ ಹೇಳುತ್ತೀರಿ. ಹಾಗಿದ್ದರೆ ಆ ಮೂರನೆಯ ಪಾಲು ಸೊಸೈಟಿಯಲ್ಲಿ ಆ ಹೊತ್ತಿಗೆ ಇರಬೇಕಲ್ಲ. ಜೂನ್, ಜುಲೈನಲ್ಲಿ ಗದ್ದಲ ಮಾಡಿ ಹಂಚಿ, ಆಗಸ್ಟಿನಲ್ಲಿ ಬೋರ್ಡು ತಿರುಗಿಸಿಟ್ಟರೆ ರೈತನಾದರೂ ಏನು ಮಾಡಬೇಕು?

ಈಗ ಜಿಂಕ್. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

2009ರಲ್ಲಿ ಸರ್ಕಾರ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಯೋಜನೆ ಶುರು ಮಾಡಿತು. ಜಿಲ್ಲೆ ಜಿಲ್ಲೆಯ ಹೊಲಗಳಿಂದ ಮಣ್ಣು ತೆಗೆದು ಪರೀಕ್ಷೆ ಮಾಡಿದರು. ಮಳೆಯಾಶ್ರಿತ ಹೊಲಗಳಲ್ಲಿ ಜಿಂಕ್, ಗಂಧಕ, ಬೋರಾನ್ ದೊಡ್ಡ ಪ್ರಮಾಣದಲ್ಲಿ ಕಡಿಮೆ ಬಿದ್ದಿವೆ ಎಂದು ಆಗಲೇ ಗೊತ್ತಾಯಿತು. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಬಂತು. ಅದರಲ್ಲೂ ಜಿಂಕ್‌ಗೆ ಒಂದು ಸಾಲಿದೆ. ಇಷ್ಟೆಲ್ಲ ಗೊತ್ತಾದ ಮೇಲೂ ನಮ್ಮ ಊರ ಅಂಗಡಿಗೆ ಹೋಗಿ ಕೇಳಿದರೆ ಸಿಗುವ ಸಲಹೆ ಒಂದೇ: ಎರಡು ಚೀಲ ಡಿಎಪಿ, ಮೇಲೆ ಯೂರಿಯಾ.

ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಜಾಸ್ತಿ, ಅದು ಕ್ಷಾರದ ಕಡೆ ವಾಲಿದ ಮಣ್ಣು. ಇಂಥ ನೆಲದಲ್ಲಿ ಜಿಂಕ್ ಇದ್ದರೂ ಬೇರಿಗೆ ಸುಲಭಕ್ಕೆ ಸಿಗುವುದಿಲ್ಲ. ಅದರ ಮೇಲೆ ವರ್ಷ ವರ್ಷ ಡಿಎಪಿಯ ರಂಜಕ ತುಂಬಿದರೆ ಗಿಡಕ್ಕೆ ಜಿಂಕ್ ಇನ್ನೂ ಕಡಿಮೆ ಸಿಗುತ್ತದೆ. ಬೇರಿಗೆ ಅಂಟಿಕೊಂಡು ಬೆಳೆಯುವ ಒಂದು ಒಳ್ಳೆಯ ಶಿಲೀಂಧ್ರ ಇದೆ, ಮೈಕೊರೈಜಾ ಎನ್ನುತ್ತಾರೆ. ಬೇರು ಮುಟ್ಟಲಾಗದ ಕಡೆಯಿಂದ ಜಿಂಕ್ ತಂದು ಕೊಡುವುದು ಅದು. ರಂಜಕ ವಿಪರೀತ ಇರುವ ಮಣ್ಣಿನಲ್ಲಿ ಅದೂ ಸೊರಗುತ್ತದೆ. ಸಾಲದೆಂಬಂತೆ, ಗಿಡ ಹೀರಿದ ಹೆಚ್ಚಿನ ರಂಜಕ ಕಾಳಿನಲ್ಲಿ ಫೈಟೇಟ್ ರೂಪದಲ್ಲಿ ಕೂಡಿಕೊಳ್ಳುತ್ತದೆ. ಈ ಫೈಟೇಟ್ ನಮ್ಮ ಹೊಟ್ಟೆಯಲ್ಲಿ ಜಿಂಕ್ ಮತ್ತು ಕಬ್ಬಿಣವನ್ನು ಹಿಡಿದುಕೊಂಡು ಮೈಗೆ ಹತ್ತದಂತೆ ಮಾಡುತ್ತದೆ. ಕಾಳಿನಲ್ಲಿ ಜಿಂಕ್ ಕಡಿಮೆ, ಇದ್ದದ್ದೂ ಮೈಗೆ ಹತ್ತುವುದಿಲ್ಲ. ಎರಡೂ ಕಡೆಯಿಂದ ನಷ್ಟ. ಮಕ್ಕಳ ಬೆಳವಣಿಗೆ ಕುಂಠಿತ ಆಗುವುದಕ್ಕೆ, ಮೇಲಿಂದ ಮೇಲೆ ಭೇದಿ ಆಗುವುದಕ್ಕೆ ಜಿಂಕ್ ಕೊರತೆ ಒಂದು ಕಾರಣ ಎಂದು ನಿಮ್ಮ ಆರೋಗ್ಯ ಇಲಾಖೆಯವರೇ ಹೇಳುತ್ತಾರೆ. ಭೇದಿ ಆದ ಮಗುವಿಗೆ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಡುತ್ತಾರೆ. ಮಾತ್ರೆ ಕೊಡಿ, ಬೇಡ ಅನ್ನುವುದಿಲ್ಲ. ಹೊಲಕ್ಕೂ ಕೊಡಿ.

ಹೊಲದಲ್ಲಿ ಜಿಂಕ್ ಕೊರತೆ ಕಣ್ಣಿಗೆ ಕಾಣುತ್ತದೆ. ಎಳೆಯ ಎಲೆಯ ನಡುನರದ ಎರಡೂ ಬದಿಗೆ ಬಿಳಿಚಿಕೊಂಡ ಪಟ್ಟೆ ಬರುತ್ತದೆ, ಸುಳಿ ಬೆಳ್ಳಗಾಗುತ್ತದೆ. ಬೆಳೆ ಬಿಳಿಚಿದೆ ಎಂದರೆ ನಮ್ಮವರು ಓಡುವುದು ಯೂರಿಯಾ ತರಲಿಕ್ಕೆ. ಸಾರಜನಕ ಕಡಿಮೆ ಆದರೆ ಹಳದಿ ಆಗುವುದು ಕೆಳಗಿನ ಹಳೆಯ ಎಲೆ, ತುದಿಯಿಂದ ಶುರುವಾಗುತ್ತದೆ. ಜಿಂಕ್ ಕಡಿಮೆ ಆದರೆ ಮೇಲಿನ ಎಳೆ ಎಲೆ. ಈ ಒಂದು ವ್ಯತ್ಯಾಸವನ್ನು ಎರಡು ಚಿತ್ರ ಹಾಕಿ ಪ್ರತಿ ಗೊಬ್ಬರದ ಅಂಗಡಿಯ ಮುಂದೆ, ಪ್ರತಿ ಸೊಸೈಟಿಯ ಗೋಡೆಗೆ ಅಂಟಿಸಲು ಎಷ್ಟು ಖರ್ಚಾಗುತ್ತದೆ?

ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್, ಬಿತ್ತುವ ಮೊದಲು. ಶಿಫಾರಸು ಇಷ್ಟೇ. ಡಿಎಪಿ ಜೊತೆ ಬೆರೆಸಬಾರದು, ತಿಪ್ಪೆ ಗೊಬ್ಬರದ ಜೊತೆ ಬೆರೆಸಿ ಹಾಕಿದರೆ ಒಳ್ಳೆಯದು. ನಮಗೆ ಒಂದು ವರ್ಷ ರಿಯಾಯಿತಿ ದರದ ಜಿಂಕ್ ಸಿಕ್ಕಿದ್ದು ಬೆಳೆ ಮೊಣಕಾಲುದ್ದ ಬಂದ ಮೇಲೆ. ಯಾವ ಕೇಂದ್ರ, ಯಾರು ಎಂದು ಹೇಳುವುದು ನನ್ನ ಉದ್ದೇಶ ಅಲ್ಲ. ಯೂರಿಯಾ ತರುವ ಗೂಡ್ಸ್ ರೈಲು ಯಾವಾಗ ಬರುತ್ತದೆ ಎಂದು ದಿನಾಲೂ ಫೋನ್ ಹಚ್ಚುವ ನೀವು ಜಿಂಕ್ ಬಗ್ಗೆಯೂ ಒಂದು ಫೋನ್ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ. ಮೇ ತಿಂಗಳ ಕೊನೆಗೆ ಎಲ್ಲ ಹೋಬಳಿಯಲ್ಲೂ ದಾಸ್ತಾನು ಇರಬೇಕು.

ಇಲ್ಲಿ ಉತ್ಪ್ರೇಕ್ಷೆ ಮಾಡಬಾರದು. ಜಿಂಕ್ ಹಾಕಿದ ತಕ್ಷಣ ಕಾಳಿನ ಜಿಂಕ್ ಎರಡು ಪಟ್ಟು ಆಗಿಬಿಡುವುದಿಲ್ಲ. ಎಲೆಗೆ ಸಿಂಪಡಿಸಿದ ಜಿಂಕ್ ಗೋಧಿಯ ಕಾಳಿಗೆ ಇಳಿಯುವಷ್ಟು ಮೆಕ್ಕೆಜೋಳದ ಕಾಳಿಗೆ ಇಳಿಯುವುದಿಲ್ಲ. ಜಿಂಬಾಬ್ವೆಯ ಸಣ್ಣ ರೈತರ ಹೊಲಗಳಲ್ಲಿ ಮಾಡಿದ ಅಧ್ಯಯನಗಳಲ್ಲಿ, ಸಾವಯವ ಗೊಬ್ಬರದ ಜೊತೆಗೆ ಜಿಂಕ್ ಕೊಟ್ಟಾಗ ಮೆಕ್ಕೆಜೋಳದ ಇಳುವರಿಯೂ ಹೆಚ್ಚಿತು, ಕಾಳಿನ ಜಿಂಕ್ ಕೂಡ ಹೆಚ್ಚಿತು. ಬರೀ ಚೀಲದ ಗೊಬ್ಬರದಿಂದ ಆಗದ್ದು ಎರಡೂ ಸೇರಿದಾಗ ಆಯಿತು. ಮಣ್ಣಿನಲ್ಲಿ ಕೊಳೆತ ಸಾವಯವ ಅಂಶ ಇದ್ದರೆ ಜಿಂಕ್ ಬೇರಿಗೆ ಸಿಗುವ ರೂಪದಲ್ಲಿ ಉಳಿಯುತ್ತದೆ.

ಆ ಸಾವಯವ ಅಂಶ ನಮ್ಮ ಹೊಲದಿಂದ ಯಾಕೆ ಹೋಯಿತು? ಎತ್ತು ಹೋದವು, ತಿಪ್ಪೆ ಸಣ್ಣದಾಯಿತು. ಸುಗ್ಗಿ ಆದ ಮೇಲೆ ದಂಟಿಗೆ ಬೆಂಕಿ ಹಚ್ಚುವುದು ಜಾಸ್ತಿ ಆಯಿತು. ಆದರೆ ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಒಂದು ದೊಡ್ಡ ಆಸ್ತಿ ಇದೆ, ಕುರಿ. ಬೇಸಿಗೆಯಲ್ಲಿ ಹೊಲದಲ್ಲಿ ಕುರಿ ತರುಬುವುದು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಹಿಂಡು ನಿಲ್ಲಿಸುವುದು, ಕುಷ್ಟಗಿ, ಯಲಬುರ್ಗಾ, ಕುಕನೂರು ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ರಾತ್ರಿ ಹಿಂಡು ನಿಂತ ಹೊಲದ ಬೆಳೆಯ ಬಣ್ಣವೇ ಬೇರೆ. ಕುರಿಗಾರರಿಗೆ ರೈತರು ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಸಾವಯವ ಕೃಷಿಗೆ ಎಂದು ಏನೇನೋ ದ್ರಾವಣ, ಡಬ್ಬಿ, ಕಿಟ್ ಹಂಚುವ ಯೋಜನೆಗಳಿವೆ. ಅವುಗಳ ಬದಲು ಸಣ್ಣ ರೈತರು ಕುರಿ ತರುಬಿಸಿಕೊಳ್ಳಲು ಸಹಾಯಧನ ಕೊಟ್ಟರೆ ರೈತನಿಗೂ ಲಾಭ, ಕುರಿಗಾರನಿಗೂ ಲಾಭ. ಇದು ನನ್ನ ಗಟ್ಟಿ ಅಭಿಪ್ರಾಯ.

ಮೆಕ್ಕೆಜೋಳ ಬಂದ ಮೇಲೆ ಅಕ್ಕಡಿ ಸಾಲು ಹೋಯಿತು. ಇದನ್ನು ಯಾವ ಇಲಾಖೆಯೂ ಲೆಕ್ಕ ಇಟ್ಟಿಲ್ಲ. ಮೊದಲು ಸಜ್ಜೆ, ಜೋಳದ ನಡುವೆ ತೊಗರಿ, ಹೆಸರು, ಮಡಿಕೆ, ಅಲಸಂದಿ ಇರುತ್ತಿದ್ದವು. ಬದುವಿನಲ್ಲಿ ಪುಂಡಿ. ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಬರುವಾಗ ಉಡಿಯಲ್ಲಿ ಹಕ್ಕರಕಿ, ರಾಜಗಿರಿ, ಗೋಳಿ ಸೊಪ್ಪು ತರುತ್ತಿದ್ದರು. ಈಗ ಬಿತ್ತಿದ ಎರಡು ಮೂರು ದಿನದೊಳಗೆ ಕಳೆನಾಶಕ ಹೊಡೆಯುತ್ತಾರೆ. ಮೆಕ್ಕೆಜೋಳಕ್ಕೆ ಹೊಡೆಯುವ ಅಟ್ರಜಿನ್ ಮೆಕ್ಕೆಜೋಳವನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ತೊಗರಿಯೂ ಅಗಲ ಎಲೆಯದೇ, ಅಲಸಂದಿಯೂ ಅಗಲ ಎಲೆಯದೇ, ಸೊಪ್ಪೂ ಅದೇ. ಕೂಲಿ ಆಳು ಸಿಗದೆ ಔಷಧಿ ಹೊಡೆಯುವ ರೈತನನ್ನು ನಾನು ತಪ್ಪು ಅನ್ನುವುದಿಲ್ಲ, ನಮ್ಮ ಮನೆಯಲ್ಲೂ ಹೊಡೆದಿದ್ದೇವೆ. ಆದರೆ ಒಂದು ಮಾತು ನೋಡಿ: ಮೆಕ್ಕೆಜೋಳದಲ್ಲಿ ಯಾವ ಲೈಸಿನ್ ಕಡಿಮೆಯೋ ಅದು ತೊಗರಿಯಲ್ಲಿ, ಹೆಸರಿನಲ್ಲಿ ಧಾರಾಳ ಇದೆ. ರೊಟ್ಟಿ ಜೊತೆ ಬೇಳೆ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೊಲದಲ್ಲಿ ಅಕ್ಕಪಕ್ಕ ಇದ್ದದ್ದು ತಟ್ಟೆಯಲ್ಲೂ ಅಕ್ಕಪಕ್ಕ ಇತ್ತು. ಮೆಕ್ಕೆಜೋಳದ ಜೊತೆ ತೊಗರಿ ಸಾಲು ಹಾಕಿ ಎಂದು ವಿಶ್ವವಿದ್ಯಾಲಯದವರು ಹೇಳುತ್ತಾರೆ. ಹಾಗಾದರೆ ತೊಗರಿ ಸಾಲನ್ನೂ ಉಳಿಸಿ ಕಳೆಯನ್ನೂ ಹಿಡಿತದಲ್ಲಿಡುವ ವಿಧಾನವನ್ನು ಊರಲ್ಲೇ ಮಾಡಿ ತೋರಿಸಿ. ಎಡೆ ಹೊಡೆಯುವ ಸಣ್ಣ ಯಂತ್ರ ಬಾಡಿಗೆಗೆ ಸಿಕ್ಕರೆ ಅರ್ಧ ಸಮಸ್ಯೆ ಮುಗಿಯಿತು.

ಇನ್ನು ಬೂಷ್ಟು. ಪ್ರೋಟೀನು, ಜಿಂಕ್ ಕಡಿಮೆ ಆದರೆ ಮೈ ನಿಧಾನಕ್ಕೆ ಸೊರಗುತ್ತದೆ. ಬೂಷ್ಟಿನ ವಿಷ ಹಾಗಲ್ಲ, ಅದು ಜೀವ ತೆಗೆಯುತ್ತದೆ.

1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ಯಕೃತ್ತು ಕೆಟ್ಟು 100ಕ್ಕೂ ಹೆಚ್ಚು ಜನ ಸತ್ತರು. ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂದಿತ್ತು, ಕಾಳು ಸರಿಯಾಗಿ ಒಣಗಿರಲಿಲ್ಲ, ಮನೆಯಲ್ಲಿ ಬೇರೆ ಕಾಳಿರಲಿಲ್ಲ. ವಿಷದ ಹೆಸರು ಅಫ್ಲಟಾಕ್ಸಿನ್. ಅದು ದೂರದ ಮಾತಾಯಿತು ಅನ್ನಬಹುದು. 1995ರಲ್ಲಿ ನಮ್ಮದೇ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಬಂದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹಿಡಿಯಿತು. ಅಲ್ಲಿ ಸಿಕ್ಕ ವಿಷ ಫ್ಯುಮೊನಿಸಿನ್, ಬೇರೊಂದು ಬೂಷ್ಟಿನದು. ತಿಂದವರು ಬಡವರು. ಕೆಟ್ಟ ಕಾಳನ್ನು ಮಾರಲಾಗದೆ ಮನೆಗೆ ಇಟ್ಟುಕೊಳ್ಳುವವರು ಯಾವಾಗಲೂ ಅವರೇ.

ಈ ಬೂಷ್ಟು ಗೋದಾಮಿನಲ್ಲಷ್ಟೇ ಹುಟ್ಟುವುದಲ್ಲ, ಹೊಲದಲ್ಲೂ ಹತ್ತುತ್ತದೆ. ಅಫ್ಲಟಾಕ್ಸಿನ್ ಮಾಡುವ ಶಿಲೀಂಧ್ರಕ್ಕೆ ಬಿಸಿಲು, ಬರ ಅಂದರೆ ಬಹಳ ಇಷ್ಟ. ಕಾಳು ಕಟ್ಟುವಾಗ ಮಳೆ ಕೈಕೊಟ್ಟರೆ ಗಿಡ ಸೋಲುತ್ತದೆ, ಅದು ಒಳಗೆ ನುಗ್ಗುತ್ತದೆ. ಸಾರಜನಕ ಸಿಗದೆ ಬಡವಾದ ಬೆಳೆಗೂ ಇದು ಜಾಸ್ತಿ. ಹುಳು ಕೊರೆದ ತೆನೆಯಲ್ಲಂತೂ ಬಾಗಿಲು ತೆರೆದಿಟ್ಟಂತೆ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಫಾಲ್ ಸೈನಿಕ ಹುಳು ಈಗ ನಮ್ಮಲ್ಲಿ ಪ್ರತಿ ವರ್ಷ ಬರುತ್ತದೆ. ಸುಳಿ ತಿನ್ನುವುದನ್ನು ಎಲ್ಲರೂ ನೋಡುತ್ತಾರೆ. ಅದು ತೆನೆಗೆ ಇಳಿದಾಗ ಕಾಳಿನ ಜೊತೆ ವಿಷವೂ ಬರುತ್ತದೆ ಎಂದು ಹೇಳುವವರು ಕಡಿಮೆ.

ಉಳಿದ ಹಾನಿ ನಡೆಯುವುದು ಸುಗ್ಗಿಯಲ್ಲಿ. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆಯಂಥ ಪದರ ಬಂದರೆ ಬೆಳೆ ಬಲಿತಿದೆ ಎಂದರ್ಥ. ಆಗಲೂ ಕಾಳಿನಲ್ಲಿ ನೂರಕ್ಕೆ 30ರ ಹತ್ತಿರ ತೇವ ಇರುತ್ತದೆ. ಚೀಲ ತುಂಬಿ ಇಡಲು ಅದು 12-13ಕ್ಕೆ ಇಳಿಯಬೇಕು. ಅಕ್ಟೋಬರ್, ನವೆಂಬರಿನಲ್ಲಿ ನಮಗೆ ಹಿಂಗಾರಿನ ಮಳೆ, ಮೇಲೆ ಯಾವುದೋ ಚಂಡಮಾರುತದ ಮೋಡ. ಕಣ ಮಾಡುವವರು ಈಗ ಕಡಿಮೆ. ಬಹಳ ಜನ ರಸ್ತೆಗೇ ಹರವುತ್ತಾರೆ. ಕೊಪ್ಪಳದಿಂದ ಕುಷ್ಟಗಿವರೆಗೆ ಸುಗ್ಗಿಯಲ್ಲಿ ಬಂದು ನೋಡಿ, ರಸ್ತೆಯ ಅರ್ಧ ಬಂಗಾರದ ಬಣ್ಣ. ರಾತ್ರಿ ಅದೇ ಕಾಳಿನ ಮೇಲೆ ಬೈಕ್ ಜಾರಿ ಬಿದ್ದವರೂ ಇದ್ದಾರೆ. ಮಳೆ ಬಂತೆಂದರೆ ತಾಡಪತ್ರಿ ಮುಚ್ಚುತ್ತೇವೆ, ಕೆಳಗಿಂದ ನೀರು ಹರಿಯುತ್ತದೆ. ಮೂರು ದಿನ ಮುಚ್ಚಿಟ್ಟ ರಾಶಿ ತೆಗೆದಾಗ ಕೈ ಒಳಗೆ ಹಾಕಿದರೆ ಬಿಸಿ. ಕಾಳಿನ ಮೂತಿ ಹಸಿರು, ಕಪ್ಪು. ಅದನ್ನು ಒಳ್ಳೆಯ ಕಾಳಿನ ಜೊತೆ ಕಲಸಿ ಮಾರುತ್ತಾರೆ. ಎಲ್ಲರೂ ಮಾರುತ್ತಾರೆ, ಯಾಕೆಂದರೆ ಯಾರೂ ಪರೀಕ್ಷೆ ಮಾಡುವುದಿಲ್ಲ.

ಆ ಕಾಳು ಕುದಿಸಿದರೂ ಸುಟ್ಟರೂ ವಿಷ ಹೋಗುವುದಿಲ್ಲ. ಹಸು ತಿಂದರೆ ಹಾಲಿಗೆ ಬರುತ್ತದೆ. ಕಾಳುಗಳಲ್ಲಿ ಅಫ್ಲಟಾಕ್ಸಿನ್ ಕೆಜಿಗೆ 15 ಮೈಕ್ರೊಗ್ರಾಂ ಮೀರಬಾರದು, ಹಾಲಿನಲ್ಲಿ ಅದರ ಇನ್ನೊಂದು ರೂಪ ಕೆಜಿಗೆ ಅರ್ಧ ಮೈಕ್ರೊಗ್ರಾಂ ಮೀರಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಮಿತಿ ಹಾಕಿದೆ. ಕಾಗದದ ಮೇಲೆ ಮಿತಿ ಇದೆ. ನಮ್ಮ ಎಪಿಎಂಸಿ ಅಂಗಳದಲ್ಲಿ ಅದನ್ನು ಅಳೆಯುವ ಒಂದು ಮೇಜಾದರೂ ಬೇಡವೇ?

ಒಣಗಿಸುವ ಯಂತ್ರ ಊರಿಗೊಂದು ಬೇಕು ಎಂದು ಕೇಳುತ್ತಿಲ್ಲ. ಹೋಬಳಿಗೊಂದು ಇರಲಿ, ಬಾಡಿಗೆ ಕೊಡುತ್ತೇವೆ. ಗ್ರಾಮ ಪಂಚಾಯಿತಿಯವರು ಉದ್ಯೋಗ ಖಾತ್ರಿಯಲ್ಲಿ ಸಿಮೆಂಟ್ ಕಣಗಳನ್ನು ಕಟ್ಟಿದ್ದಾರೆ, ಎಲ್ಲ ಊರಿಗೂ ಸಾಲುವುದಿಲ್ಲ. ಇನ್ನಷ್ಟು ಕಟ್ಟಿಸಿ, ನೀರು ನಿಲ್ಲದಂತೆ ಇಳಿಜಾರು ಕೊಟ್ಟು ಕಟ್ಟಿಸಿ. ರಿಯಾಯಿತಿಯ ತಾಡಪತ್ರಿಗೆ ಪ್ರತಿ ವರ್ಷ ಸಾಲು ನಿಲ್ಲುತ್ತೇವೆ. ಅದು ಒಳ್ಳೆಯ ಯೋಜನೆ, ಹೊದಿಸಲೊಂದು, ಹಾಸಲೊಂದು ಎಂದು ಎರಡು ಕೊಡಿ.

ಈಗ ಬೀಜದ ಮಾತು. 1960ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ಮೆಕ್ಕೆಜೋಳದ ಒಂದು ಸಹಜ ಬದಲಾವಣೆಯಲ್ಲಿ ಲೈಸಿನ್ ಸುಮಾರು ಎರಡು ಪಟ್ಟು ಇರುವುದನ್ನು ಕಂಡರು. ಆ ಕಾಳು ಮೆತ್ತಗಿತ್ತು, ಹುಳಕ್ಕೆ, ಬೂಷ್ಟಿಗೆ ಬೇಗ ತುತ್ತಾಗುತ್ತಿತ್ತು. ಮೆಕ್ಸಿಕೊದಲ್ಲಿರುವ ಮೆಕ್ಕೆಜೋಳ, ಗೋಧಿ ಸಂಶೋಧನೆಯ ಸಿಮಿಟ್ ಸಂಸ್ಥೆಯಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸುರಿಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಯೆಗಾಸ್ ವರ್ಷಗಟ್ಟಲೆ ದುಡಿದು ಅದನ್ನು ಗಟ್ಟಿ ಕಾಳು ಮಾಡಿದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು. ಕ್ಯೂಪಿಎಂ, ಅಂದರೆ ಒಳ್ಳೆಯ ಗುಣದ ಪ್ರೋಟೀನಿನ ಮೆಕ್ಕೆಜೋಳ, ಎಂದು ಕರೆಯುವ ಈ ಜಾತಿಯಲ್ಲಿ ನಮ್ಮ ದೇಶದಲ್ಲೇ ಶಕ್ತಿಮಾನ್, ಎಚ್‌ಕ್ಯೂಪಿಎಂ-1 ಮುಂತಾದ ಹೈಬ್ರಿಡ್‌ಗಳು ಬಂದಿವೆ. 2017ರಲ್ಲಿ ಬಿಡುಗಡೆಯಾದ ಪೂಸಾ ವಿವೇಕ್ ಕ್ಯೂಪಿಎಂ 9 ಸುಧಾರಿತ ತಳಿಯಲ್ಲಿ ಲೈಸಿನ್ ಜೊತೆಗೆ ವಿಟಮಿನ್ ಎ ಆಗುವ ಅಂಶವೂ ಹೆಚ್ಚಿದೆ. ನಮ್ಮ ಕಡೆ ಇವುಗಳ ಹೆಸರು ಕೇಳಿದವರೇ ಕಡಿಮೆ, ಬೀಜ ನೋಡಿದವರನ್ನು ನಾನು ಕಂಡಿಲ್ಲ.

ಇದನ್ನು ಬೆಳೆಯುವುದರಲ್ಲಿ ಒಂದು ತೊಡಕಿದೆ. ಪಕ್ಕದ ಹೊಲದ ಸಾಮಾನ್ಯ ಮೆಕ್ಕೆಜೋಳದ ಪರಾಗ ಬಿದ್ದ ಕಾಳಿನಲ್ಲಿ ಆ ವಿಶೇಷ ಗುಣ ಉಳಿಯುವುದಿಲ್ಲ. ಸುತ್ತಲೂ ಎಲ್ಲರೂ ಕಂಪನಿ ಬೀಜ ಬಿತ್ತಿರುವಾಗ ಒಬ್ಬ ರೈತ ಎರಡು ಎಕರೆ ಹಾಕಿದರೆ ಅಂಚಿನ ಸಾಲುಗಳು ಹೋದಂತೆಯೇ. ಅಂದರೆ ಇದು ಒಬ್ಬೊಬ್ಬರ ಕೆಲಸ ಅಲ್ಲ. ಒಂದು ಕಡೆ ಹೊಂದಿಕೊಂಡ ಹೊಲದವರೆಲ್ಲ ಸೇರಿ ಹಾಕಬೇಕು, ಇಲ್ಲವೇ ಹೂವಾಡುವ ಹೊತ್ತು ಬೇರೆ ಆಗುವಂತೆ ಹಿಂದೆಮುಂದೆ ಬಿತ್ತಬೇಕು. ಸೇರಿಸುವ ಕೆಲಸಕ್ಕೆ ಇಲಾಖೆ ಬೇಕು. ಅಂಗನವಾಡಿಗೆ ಪೂರಕ ಆಹಾರ ತಯಾರಿಸುವ ಮಹಿಳಾ ಕೇಂದ್ರಗಳು ನಮ್ಮಲ್ಲಿವೆ. ಒಂದು ತಾಲ್ಲೂಕಿನಲ್ಲಿ ಒಂದು ಊರನ್ನು ಆರಿಸಿ. ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದವರು ಜೊತೆಗಿರಲಿ. ಬೆಳೆದ ಕಾಳನ್ನು ಆ ಕೇಂದ್ರಗಳೇ ಕೊಳ್ಳಲಿ. ಇಳುವರಿ ಕಂಪನಿ ಹೈಬ್ರಿಡ್‌ಗಿಂತ ಕಡಿಮೆ ಬಂದರೆ ಆ ವ್ಯತ್ಯಾಸದ ದುಡ್ಡನ್ನು ದರದಲ್ಲಿ ತುಂಬಿಕೊಡಿ. ಮಕ್ಕಳ ಹೊಟ್ಟೆಗೆ ಹೋಗುವ ದುಡ್ಡು ಅದು.

ಕೊನೆಗೆ ಎಲ್ಲವೂ ಬಂದು ನಿಲ್ಲುವುದು ದರದ ಹತ್ತಿರ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಆ ಬೆಲೆಯೇ ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂಬುದು ಬೇರೆ ಹೋರಾಟ, ಅದರಲ್ಲೂ ನಾವಿದ್ದೇವೆ. ಆ ಬೆಲೆಗೆ ಹಾಕಿರುವ ಗುಣಮಟ್ಟದ ಷರತ್ತು ನೋಡಿ: ತೇವ ಎಷ್ಟು, ಕಸ ಎಷ್ಟು, ಮುರುಕು ಎಷ್ಟು, ಹುಳುಕು ಎಷ್ಟು. ಪ್ರೋಟೀನಿನ ಮಾತೇ ಇಲ್ಲ. ಅದೇ ನಮ್ಮ ಊರ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಸಂಜೆ ಪ್ರತಿಯೊಬ್ಬರ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಫ್ಯಾಟ್ ಬಿಟ್ಟು ಉಳಿದ ಗಟ್ಟಿ ಅಂಶ) ನೋಡಿ ಚೀಟಿ ಕೊಡುತ್ತಾರೆ, ಅದರ ಮೇಲೆ ದುಡ್ಡು. ಕಬ್ಬಿನ ಬೆಲೆಯನ್ನು ಸಕ್ಕರೆ ಇಳುವರಿಯ ಮೇಲೆ ಕಟ್ಟುತ್ತಾರೆ. ಫ್ಯಾಟ್ ನೋಡಿ ದುಡ್ಡು ಕೊಡಲು ಶುರು ಮಾಡಿದ್ದಕ್ಕೇ ಊರ ಹೆಣ್ಣುಮಕ್ಕಳು ಎಮ್ಮೆಗೆ ಏನು ಹಾಕಬೇಕು ಎಂದು ಕಲಿತರು. ಯಾರೂ ಭಾಷಣ ಮಾಡಿ ಕಲಿಸಲಿಲ್ಲ. ಮೆಕ್ಕೆಜೋಳಕ್ಕೂ ಹಾಗೇ ಮಾಡಬಹುದು. ಒಂದು ಹಿಡಿ ಕಾಳು ಹಾಕಿದರೆ ಬೆಳಕಿನ ಕಿರಣದಿಂದಲೇ ಪ್ರೋಟೀನು, ತೇವ, ಎಣ್ಣೆ ಎಷ್ಟಿದೆ ಎಂದು ಒಂದೆರಡು ನಿಮಿಷದಲ್ಲಿ ತೋರಿಸುವ ಯಂತ್ರಗಳಿವೆ. ದೊಡ್ಡ ಮೇವಿನ ಕಾರ್ಖಾನೆಗಳಲ್ಲಿ ಅವನ್ನು ಬಳಸುತ್ತಾರೆ. ಅಂದರೆ ಕೊಳ್ಳುವವನಿಗೆ ನಮ್ಮ ಕಾಳಿನೊಳಗೆ ಏನಿದೆ ಎಂದು ಗೊತ್ತು, ಮಾರುವ ನಮಗೆ ಗೊತ್ತಿಲ್ಲ. ಇದು ನ್ಯಾಯವಲ್ಲ. ಅಫ್ಲಟಾಕ್ಸಿನ್‌ಗೂ ಅಲ್ಲೇ ಫಲಿತಾಂಶ ಹೇಳುವ ಪರೀಕ್ಷೆಯ ಸ್ಟ್ರಿಪ್‌ಗಳು ಸಿಗುತ್ತವೆ.

ಪರೀಕ್ಷೆ ಬಂದರೆ ವ್ಯಾಪಾರಿಗಳು ಅದನ್ನೇ ನೆಪ ಮಾಡಿ ದರ ಇಳಿಸುತ್ತಾರೆ ಎಂಬ ಭಯ ರೈತರಲ್ಲಿ ಇದೆ. ತೇವದ ಹೆಸರಿನಲ್ಲಿ ಈಗಾಗಲೇ ಅದನ್ನು ಕಂಡಿದ್ದೇವೆ. ಅದಕ್ಕೇ ಯಂತ್ರ ಎಪಿಎಂಸಿಯ ಕೈಯಲ್ಲಿರಬೇಕು, ಫಲಿತಾಂಶ ಎಲ್ಲರಿಗೂ ಕಾಣುವಂತೆ ಇರಬೇಕು, ಮೊದಲ ಎರಡು ವರ್ಷ ಒಳ್ಳೆಯ ಕಾಳಿಗೆ ಜಾಸ್ತಿ ದುಡ್ಡು ಕೊಡುವುದಕ್ಕೆ ಮಾತ್ರ ಬಳಸಬೇಕು. ಕಡಿತಕ್ಕೆ ಬೇಡ. ವಿಷ ಬಂದ ಕಾಳು ಮಾತ್ರ ಪ್ರತ್ಯೇಕ ಆಗಬೇಕು, ಅದು ಮನುಷ್ಯರ ಊಟಕ್ಕೂ ಹಾಲು ಕೊಡುವ ದನಕ್ಕೂ ಹೋಗಬಾರದು. ಅಂಥ ರೈತನಿಗೆ ಬೆಳೆ ವಿಮೆಯಲ್ಲಿ ದಾರಿ ಹುಡುಕಿ. ಮಳೆಗೆ ಕೆಟ್ಟದ್ದು ಅವನ ತಪ್ಪಲ್ಲ.

ರಾಯಚೂರಿನ ವಿಶ್ವವಿದ್ಯಾಲಯದಲ್ಲಿ ಆಹಾರ ಗುಣಮಟ್ಟ ವಿಶ್ಲೇಷಣೆಗೆಂದೇ ಪ್ರಯೋಗಾಲಯ ಇದೆ. ಕುಲಪತಿಗಳಲ್ಲಿ ನನ್ನ ಕೋರಿಕೆ ಇದು. ಈ ಮುಂಗಾರಿನ ಸುಗ್ಗಿಯಲ್ಲಿ ಕೊಪ್ಪಳದ ಏಳೂ ತಾಲ್ಲೂಕುಗಳಿಂದ ಮೆಕ್ಕೆಜೋಳದ ಮಾದರಿ ತೆಗೆಯಿರಿ. ಎರೆಯದು, ಮಸಾರಿಯದು, ಬೋರಿನ ನೀರಿನದು, ಮಳೆಯದು, ಕುರಿ ತರುಬಿದ ಹೊಲದ್ದು, ಬರೀ ಡಿಎಪಿ ಕಂಡದ್ದು, ರಸ್ತೆಯಲ್ಲಿ ಒಣಗಿದ್ದು, ಕಣದಲ್ಲಿ ಒಣಗಿದ್ದು. ಪ್ರೋಟೀನು, ಲೈಸಿನ್, ಜಿಂಕ್, ಕಬ್ಬಿಣ, ಅಫ್ಲಟಾಕ್ಸಿನ್, ಫ್ಯುಮೊನಿಸಿನ್ ನೋಡಿ. ಫಲಿತಾಂಶವನ್ನು ಕನ್ನಡದಲ್ಲಿ, ಪಂಚಾಯಿತಿ ಗೋಡೆಯ ಮೇಲೆ ಹಚ್ಚಿ. ಯಾವ ಹೊಲದವರು ಎಂದು ಹೆಸರು ಬೇಡ, ಏನು ಮಾಡಿದ್ದರು ಎಂದು ಬರೆದರೆ ಸಾಕು.

ಮಾದರಿ ಕೊಡಲು ನಮ್ಮ ಊರಿನವರು ತಯಾರಿದ್ದೇವೆ. ಯಾವ ಹೊಲಕ್ಕೆ ಏನು ಹಾಕಿದ್ದೆವು, ಯಾವಾಗ ಹಾಕಿದ್ದೆವು ಎಂದು ನಮ್ಮ ಸಂಘದ ಹೆಣ್ಣುಮಕ್ಕಳು ಬರೆದಿಡುತ್ತೇವೆ. ದೀಪಾವಳಿ ಆಸುಪಾಸಿಗೆ ರಾಶಿ ಶುರುವಾಗುತ್ತದೆ, ಅದಕ್ಕೆ ಮೊದಲು ನಿಮ್ಮವರನ್ನು ಕಳಿಸಿ.

ಇಂತಿ,
ಯಲಬುರ್ಗಾ ತಾಲ್ಲೂಕಿನ ಒಬ್ಬ ರೈತ ಮಹಿಳೆ